ಅರಿವು ಕೈಯಲ್ಲಿದೆ, ಆಚಾರವೆಲ್ಲಿ?



2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದ ವಾರ್ತೆ ನಮ್ಮ ಅಬಲೂರಿನ ತರುಣರಿಗೆ ತಲುಪಿದ್ದು ಮೊಬೈಲಿನ ಮೂಲಕವೇ. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ವ್ಯಾಯಾಮವೇ ಪ್ರಾಣಕ್ಕೆ ಮುಳುವೆಂಬ ಮಾತೂ ವಾಟ್ಸಾಪಿನಲ್ಲಿ ಅದರೊಡನೆಯೇ ಹರಿದಾಡಿತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಮತ್ತೆ ಅದೇ ನೂಕುನುಗ್ಗಲು.

ಆ ಸಾಲಿನಲ್ಲಿ ನಿಂತವರನ್ನು ನಾನು ಹಾಸ್ಯ ಮಾಡಲಾರೆ. ಭಯದಿಂದಲಾದರೂ ತನ್ನ ಕಾಯದ ಕಡೆಗೆ ಒಮ್ಮೆ ನೋಡಿಕೊಂಡದ್ದು ಒಳಿತೇ. ಆದರೆ ಭಯ ಎರಡು ವಾರ ಬಾಳುತ್ತದೆ; ಅಭ್ಯಾಸ ಹುಟ್ಟಲು ವರ್ಷಗಳು ಬೇಕು. ಶರಣರು ಅರಿವನ್ನೂ ಆಚಾರವನ್ನೂ ಬೇರೆಬೇರೆಯಾಗಿ ಎಣಿಸಲಿಲ್ಲ. ಜಾಲತಾಣವಾದರೋ ಅರಿವನ್ನು ಮಾತ್ರ ಹಂಚುತ್ತದೆ, ಅದೂ ಕಲಬೆರಕೆಯಾಗಿ. ಹಠಾತ್ ಸಾವುಗಳಿಗೆ ಕೋವಿಡ್ ಲಸಿಕೆಯೇ ಕಾರಣವೆಂಬ ವಿಡಿಯೊಗಳನ್ನು ನೋಡದವರು ವಿರಳ. ರಾಜ್ಯ ಸರ್ಕಾರ ನೇಮಿಸಿದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯು ಜಯದೇವದಲ್ಲಿ ದಾಖಲಾದ, 45 ವರ್ಷ ಮೀರದ 251 ರೋಗಿಗಳನ್ನು ಅಧ್ಯಯನ ಮಾಡಿ, ಲಸಿಕೆಗೂ ಹೃದ್ರೋಗಕ್ಕೂ ಸಂಬಂಧ ಕಾಣಲಿಲ್ಲವೆಂದು 2025ರ ಜುಲೈನಲ್ಲಿ ವರದಿ ನೀಡಿತು. ಅವರಲ್ಲಿ 111 ಮಂದಿ ಧೂಮಪಾನಿಗಳು. ಹಲವರಿಗೆ ರಕ್ತದೊತ್ತಡ, ಮಧುಮೇಹ. ಪರಿಚಿತ ಕಾರಣಗಳಿಲ್ಲದವರೂ ಇದ್ದರೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಲಸಿಕೆಯ ವಿಡಿಯೊ ಓಡಿದ ವೇಗದಲ್ಲಿ ಈ ವರದಿ ಓಡಲಿಲ್ಲ. ದೋಷ ಲಸಿಕೆಯದೆಂದರೆ ಬೀಡಿಯನ್ನು ಬಿಡಬೇಕಾಗಿಲ್ಲವಲ್ಲ!

ಮೊನ್ನೆ ಸಂಜೆ ದಾಸೋಹದ ಜಗುಲಿಯಲ್ಲಿ ಒಬ್ಬ ತರುಣ, ಬೆಳಗ್ಗೆ ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ ತಿಂದರೆ ರಕ್ತನಾಳ ಶುದ್ಧವಾಗುವುದೆಂಬ ವಿಡಿಯೊ ತೋರಿಸಿದ. ನಲವತ್ತು ಜನರಿಗೆ ಕಳಿಸಿದ್ದೇನೆಂದ. ಬಾಯ್ತುಂಬ ಗುಟ್ಕಾ ಇದ್ದುದರಿಂದ ಅವನ ಮಾತು ನನಗೆ ಪೂರ್ತಿ ತಿಳಿಯಲಿಲ್ಲ.

ಹಂಚಲೇಬೇಕೆಂದಿದ್ದರೆ ಹಂಚತಕ್ಕ ಸಂಗತಿಗಳು ಬೇರೆ ಇವೆ. ಎದೆನೋವು ಬಂದವನಿಗೆ ಪ್ರತಿ ನಿಮಿಷವೂ ಅಮೂಲ್ಯ. ಗ್ಯಾಸ್ ಎಂದು ಸೋಡಾ ಕುಡಿಸಿ ಕೂರಿಸದೆ 108ಕ್ಕೆ ಕರೆ ಮಾಡಬೇಕು. ಪುನೀತ್ ಅವರ ಹೆಸರಿನಲ್ಲೇ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಗತ್ಯವಿದ್ದವರಿಗೆ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಟನ ಭಾವಚಿತ್ರವನ್ನು ಬೈಕಿಗೆ ಅಂಟಿಸಿಕೊಂಡವರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ರಕ್ತದೊತ್ತಡ, ಮಧುಮೇಹಗಳನ್ನು ಮನೆಬಾಗಿಲಲ್ಲೇ ಪರೀಕ್ಷಿಸುತ್ತಾರೆ. ಇಪ್ಪತ್ತೈದರ ಹುಡುಗ ತಾನಾಗಿಯೇ ಹೋಗಿ ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳಬೇಕು. ಅದನ್ನು ಯಾರೂ ರೀಲ್ಸ್ ಮಾಡುವುದಿಲ್ಲ.

ಜಗುಲಿಯ ತರುಣನಿಗೂ ಇದನ್ನೇ ಹೇಳಿದೆ. “ನಾಳಿಂದ ಬಿಡ್ತೀನ್ರಿ ಅಣ್ಣಾರ” ಎಂದು ಎದ್ದು ಹೋಗಿ, ಉಗುಳಿ ಬಂದು, ನನ್ನ ಮೊಬೈಲಿಗೂ ಬೆಳ್ಳುಳ್ಳಿಯ ವಿಡಿಯೊವನ್ನು ಕಳಿಸಿದ.