ಅದೇ ಲೋಟದಲ್ಲಿ ಅವರಿಗೂ ಕೊಡಿ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಳೇ ಪಬ್ಬುಗಳು ಮುಚ್ಚಿಹೋಗ್ತಿವೆ. ಅಲ್ಲಿ ಪಬ್ ಅಂದ್ರೆ ಬರೀ ಹೆಂಡದಂಗಡಿ ಅಲ್ಲ, ಊರವರು ಕೂತು ಮಾತಾಡೋ ಜಾಗ. ಅದಕ್ಕೇ ಕೆಲವು ಕಡೆ ಊರವರೇ ದುಡ್ಡು ಹಾಕಿ ಪಬ್ ಕೊಂಡು ಉಳಿಸ್ಕೊಂಡಿದ್ದಾರೆ. ನಮ್ಮಲ್ಲೂ ಕೆಲವರು ಹಳ್ಳಿ ಟೀ ಹೋಟ್ಲನ್ನ "ಊರಿನ ಪಾರ್ಲಿಮೆಂಟು" ಅಂತ ಹಾಡಿ ಹೊಗಳ್ತಾರೆ. ಸ್ವಾಮಿ, ಆ ಪಾರ್ಲಿಮೆಂಟಿನಲ್ಲಿ ನಮ್ಮ ಕೇರಿಯವರು ಎಲ್ಲಿ ಕೂರ್ತಿದ್ರು? ಹೊರಗೆ, ನೆಲದ ಮೇಲೆ, ತೆಂಗಿನ ಚಿಪ್ಪು ಹಿಡ್ಕೊಂಡು.

ಒಂದು ಪಬ್ಬಿನ ಕತೆ ಕೇಳಿ. ಲ್ಯಾಂಕಾಶೈರಿನ ಬ್ಯಾಂಬರ್ ಬ್ರಿಡ್ಜ್, 1943. ಯುದ್ಧಕ್ಕೆ ಬಂದಿದ್ದ ಅಮೆರಿಕದ ಕಪ್ಪು ಸೈನಿಕರು ಅಲ್ಲಿ ಬೀಡುಬಿಟ್ಟಿದ್ರು. ಪಬ್ಬುಗಳಲ್ಲಿ ಅವರನ್ನ ಬೇರೆ ಇಡಿ ಅಂತ ಅಮೆರಿಕದ ಸೇನೆ ಒತ್ತಾಯಿಸ್ತು. ಪಬ್ಬಿನವರು ಬೋರ್ಡೇನೋ ಹಾಕಿದ್ರು: "ಕಪ್ಪು ಸೈನಿಕರಿಗೆ ಮಾತ್ರ"! ಜೂನ್ 24ರ ರಾತ್ರಿ ಹುಲ್ಲು ಹೊದಿಸಿದ 'ಯೀ ಓಲ್ಡ್ ಹಾಬ್ ಇನ್' ಪಬ್ಬಿಗೆ ಮಿಲಿಟರಿ ಪೊಲೀಸರು ಬಂದಾಗ ಅಲ್ಲಿದ್ದ ಬಿಳಿಯರು ಕಪ್ಪು ಸೈನಿಕರ ಪರ ನಿಂತ್ರು. ಆಮೇಲೆ ಗುಂಡು ಹಾರಿ ವಿಲಿಯಂ ಕ್ರಾಸ್‌ಲ್ಯಾಂಡ್ ಅನ್ನೋ ಕಪ್ಪು ಸೈನಿಕ ಸತ್ತ. ಆ ಪಬ್ ಇವತ್ತಿಗೂ ಇದೆ.

ಹಂಗಂತ ಇಂಗ್ಲೆಂಡ್ ಸ್ವರ್ಗ ಅಲ್ಲ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನ ಪಬ್ಬುಗಳು 60ರ ದಶಕದಲ್ಲೂ ಭಾರತೀಯರನ್ನ ದೂರ ಇಟ್ಟಿದ್ವು. ಅವತಾರ್ ಸಿಂಗ್ ಜೌಹಲ್ ಮತ್ತು ಅವರ ಭಾರತೀಯ ಕಾರ್ಮಿಕರ ಸಂಘ ಬಿಳಿ ವಿದ್ಯಾರ್ಥಿಗಳನ್ನೂ ಜೊತೆ ಸೇರಿಸಿಕೊಂಡು ಪಬ್ಬಿಗೆ ಹೋಗಿ ಹೋರಾಡಿತು. ಮಾಲ್ಕಂ ಎಕ್ಸ್ ಕೂಡ 1965ರಲ್ಲಿ ಅಲ್ಲಿಗೆ ಬಂದಿದ್ರು. ಅದೇ ವರ್ಷ ಪಬ್ಬುಗಳಲ್ಲಿ ವರ್ಣಭೇದ ಮಾಡೋದರ ವಿರುದ್ಧ ಕಾನೂನು ಬಂತು.

ನಮಗೆ ಕಾನೂನು ಅದಕ್ಕಿಂತ ಮೊದಲೇ ಇತ್ತು. ಬಾಬಾಸಾಹೇಬರ ಸಂವಿಧಾನದ 15ನೇ ವಿಧಿ ಹೋಟ್ಲಿನ ಬಾಗಿಲು ತೆರೆಸ್ತು. 1955ರ ಅಸ್ಪೃಶ್ಯತೆ ಕಾಯ್ದೆ ಹೋಟ್ಲಿನ ಪಾತ್ರೆ ಬಳಸೋಕೂ ಹಕ್ಕು ಕೊಡ್ತು. ಆದ್ರೂ ಎರಡು ಲೋಟ ಹೋಗ್ಲಿಲ್ಲ. ಈಗ ಚಿಪ್ಪಿನ ಜಾಗಕ್ಕೆ ಪೇಪರ್ ಕಪ್ ಬಂದಿದೆ. ಎಲ್ರಿಗೂ ಪೇಪರ್ ಕಪ್ ಕೊಟ್ರೆ ತಕರಾರಿಲ್ಲ. ಕೇರಿಯವರಿಗೆ ಮಾತ್ರ ಕೊಟ್ರೆ ಅದು ಅಸ್ಪೃಶ್ಯತೆ, ಅದು ಅಪರಾಧ.

ದೂರು ಕೊಟ್ಟ ದಲಿತನಿಗೆ ಮಾರನೇ ದಿನ ಕೂಲಿ ಇಲ್ಲ, ದಿನಸಿ ಇಲ್ಲ, ಹೋಟ್ಲಿಗೇ ಬೀಗ. ಪ್ರತಿ ಸಲ ನಾವೇ ಯಾಕೆ ದೂರು ಕೊಡ್ಬೇಕು? ಒಳಗಿನ ಬೆಂಚಿನಲ್ಲಿ ಗಾಜಿನ ಲೋಟ ಹಿಡಿದು ರಾಜಕೀಯ ಮಾತಾಡೋ ಗೌಡ್ರೇ, ಶೆಟ್ರೇ, ಮೇಷ್ಟ್ರೇ, "ಅದೇ ಲೋಟದಲ್ಲಿ ಅವರಿಗೂ ಕೊಡಿ, ಇಲ್ಲಾಂದ್ರೆ ನಮಗೂ ಬೇಡ" ಅಂತ ನೀವೊಂದು ಸಲ ಎದ್ದು ನಿಲ್ಲಿ. ಆಮೇಲೆ ಬೇಕಾದ್ರೆ ಅದನ್ನ ಊರಿನ ಪಾರ್ಲಿಮೆಂಟು ಅನ್ನಿ.

ಜೈ ಭೀಮ್.