ಹಲಾಲ್ ಫಲಕಕ್ಕೆ ಸೀಮಿತವೇ?

1990ರಲ್ಲಿ ಈಜಿಪ್ಟ್‌ನಿಂದ ವಲಸೆ ಬಂದ ಕೆಲವರು ನ್ಯೂಯಾರ್ಕ್‌ನ ಬೀದಿಯಲ್ಲಿ ಹಾಟ್ ಡಾಗ್ ಮಾರುವ ಗಾಡಿಯೊಂದನ್ನು ಆರಂಭಿಸಿದರು. ಹಲಾಲ್ ಊಟಕ್ಕಾಗಿ ಅಲೆಯುತ್ತಿದ್ದ ಮುಸ್ಲಿಮ್ ಟ್ಯಾಕ್ಸಿ ಚಾಲಕರ ಅಗತ್ಯವನ್ನು ಅರಿತು, ಬಳಿಕ ಅನ್ನ ಮತ್ತು ಕೋಳಿಮಾಂಸ ಬಡಿಸತೊಡಗಿದರು. ಅದೇ ‘ದಿ ಹಲಾಲ್ ಗೈಸ್’. 2014ರ ಬಳಿಕ ಅದು ಫ್ರಾಂಚೈಸಿಗಳ ಮೂಲಕ ಇತರ ನಗರಗಳಿಗೂ ಹಬ್ಬಿತು. ಅಲ್ಲಿ ಎಲ್ಲ ಧರ್ಮದವರೂ ಸಾಲು ನಿಲ್ಲುತ್ತಾರೆ.

ಅದೇ ‘ಹಲಾಲ್’ ಪದವನ್ನು ಮುಂದಿಟ್ಟು 2022ರಲ್ಲಿ ಕರ್ನಾಟಕದಲ್ಲಿ ಬಹಿಷ್ಕಾರದ ಕರೆ ನೀಡಲಾಯಿತು. ಈ ದ್ವೇಷ ಖಂಡನೀಯ. ಆದರೆ ನಮಗೆ ಆತ್ಮಾವಲೋಕನವೂ ಬೇಡವೇ? ಹಲಾಲ್ ಎಂಬುದು ಮಾಂಸಕ್ಕಷ್ಟೇ ಅಲ್ಲ, ಸಂಪಾದನೆಗೂ ಅನ್ವಯ. ಬೆವರು ಆರುವ ಮುನ್ನ ಕೂಲಿ ನೀಡಬೇಕೆಂಬುದು ಪ್ರವಾದಿಯವರ(ಸ) ಬೋಧನೆ. ಹೋಟೆಲಿನ ಫಲಕದಲ್ಲಿ ಹಲಾಲ್ ಎಂದು ಬರೆದು, ಅಡುಗೆಮನೆಯನ್ನು ಕೊಳಕಾಗಿಟ್ಟು, ಕೆಲಸದ ಹುಡುಗನ ಸಂಬಳ ತಡೆಹಿಡಿದರೆ, ಆ ಪದವನ್ನು ಅಪಮಾನಿಸುವವರು ಸ್ವತಃ ನಾವೇ.