ಕಸದ ಕರೆಂಟಿಗೆ ಒಪ್ಪುವ ಮೊದಲು ಕಡತ ನೋಡಿ



ಪಟ್ಟಣದ ಕಸ ಸುಟ್ಟು ವಿದ್ಯುತ್ ತೆಗೆಯುವ ಕಾರ್ಖಾನೆಗೆ ತಮ್ಮ ಊರಿನ ಗೋಮಾಳವನ್ನೋ ಹಳೆಯ ಕಲ್ಲುಕ್ವಾರಿಯನ್ನೋ ಗುರುತಿಸಿದ್ದಾರೆಂಬ ಸುದ್ದಿ ಬಂದ ಕೂಡಲೇ ಊರು ಎರಡಾಗುತ್ತದೆ. ಹುಡುಗರಿಗೆ ಕೆಲಸ ಸಿಗುತ್ತದೆ, ರಸ್ತೆಗೆ ಡಾಂಬರು ಬೀಳುತ್ತದೆ ಎಂದು ಒಂದು ಪಕ್ಷ. ಲಾರಿಗೆ ಅಡ್ಡ ಮಲಗುತ್ತೇವೆಂದು ಇನ್ನೊಂದು ಪಕ್ಷ. ಕಡತವನ್ನು ಮಾತ್ರ ಇಬ್ಬರೂ ನೋಡಿರುವುದಿಲ್ಲ.

ಬೆಂಗಳೂರಿನ ಸುತ್ತಲಿನವರಿಗೆ ಇದು ಹೊಸ ಮಾತಲ್ಲ. ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಮಂಡೂರಿನಲ್ಲಿ 2014ರ ಕೊನೆಯವರೆಗೆ ನಡೆಯಿತು. ಮಂಡೂರಿನಲ್ಲಿ ಕಸದಿಂದ ವಿದ್ಯುತ್ ತೆಗೆಯುವ ಯೋಜನೆಯನ್ನೂ ಹಾಕಿದ್ದರು. ಕಸ ಬಂದಿತು, ಬೆಟ್ಟವಾಯಿತು, ಕರೆಂಟು ಬರಲಿಲ್ಲ.

ಏಕೆ ಹೀಗಾಗುತ್ತದೆಂಬುದನ್ನು ಆಲೆಮನೆ ನಡೆಸಿದವರು ಸುಲಭವಾಗಿ ತಿಳಿಯಬಲ್ಲರು. ಹಸಿ ಕಬ್ಬಿನ ಸಿಪ್ಪೆಯನ್ನು ಯಾರೂ ನೇರವಾಗಿ ಒಲೆಗೆ ತಳ್ಳುವುದಿಲ್ಲ. ಬಿಸಿಲಿಗೆ ಹರಡಿ ಒಣಗಿಸಿಯೇ ಉರಿಸುತ್ತಾರೆ. ಇಲ್ಲವಾದರೆ ಬೆಂಕಿಯ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಮುಗಿದು ಕೊಪ್ಪರಿಗೆ ಕಾಯುವುದಿಲ್ಲ. ನಮ್ಮ ಪಟ್ಟಣಗಳ ಕಸದಲ್ಲಿ ಹೆಚ್ಚಿನ ಪಾಲು ತರಕಾರಿ ಸಿಪ್ಪೆ, ಉಳಿದ ಅನ್ನ, ಹೂವು, ಬಾಳೆಲೆ. ದೆಹಲಿಯ ತಿಮಾರ್‌ಪುರದಲ್ಲಿ ದಿನಕ್ಕೆ 300 ಟನ್ ಕಸ ಸುಡಲು ಡೆನ್ಮಾರ್ಕಿನ ನೆರವಿನಿಂದ 1987ರಲ್ಲಿ ಕಟ್ಟಿದ ಸ್ಥಾವರ ಕೆಲವೇ ವಾರ ಓಡಿ ನಿಂತುಹೋಯಿತು. ಸ್ಥಾವರವನ್ನು ರೂಪಿಸಿದ್ದು ಕಿಲೋಗೆ 1,400 ಕಿಲೋಕ್ಯಾಲೊರಿಗೂ ಮೇಲಿನ ಶಾಖ ಕೊಡುವ ಕಸಕ್ಕೆ. ಬಂದ ಕಸದಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. 2016ರ ಘನತ್ಯಾಜ್ಯ ನಿಯಮಗಳು 1,500 ಕಿಲೋಕ್ಯಾಲೊರಿ ಅಥವಾ ಅದಕ್ಕೂ ಮೇಲಿನ ಶಾಖವುಳ್ಳ ಕಸವನ್ನು ಗುಂಡಿಗೆ ಹಾಕದೆ ಇಂಧನಕ್ಕೆ ಬಳಸಬೇಕೆಂದವು. ಅಂದರೆ ಒಣ ಕಸ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಅಂದಿನ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಕಟ್ಟಿದ ಸ್ಥಾವರದ ಲೆಕ್ಕ ದಿನಕ್ಕೆ 600 ಟನ್ನಿಗೆ 11.5 ಮೆಗಾವಾಟ್. ಈ ಲೆಕ್ಕ ಕೂಡಬೇಕಾದರೆ ಹಸಿ, ಒಣ ಕಸ ಬೇರೆಯಾಗಬೇಕಾದುದು ಪಟ್ಟಣದ ಮನೆಬಾಗಿಲಲ್ಲಿ, ತಮ್ಮ ಊರಿನ ಗೇಟಿನಲ್ಲಲ್ಲ.

ಹೊಗೆಗಿಂತ ಹೆಚ್ಚಾಗಿ ಬೂದಿಯ ವಿಷಯದಲ್ಲಿ ಎಚ್ಚರವಿರಲಿ. ಕಟ್ಟಿಗೆ ಬೂದಿಯಂತೆ ಇದೂ ಗೊಬ್ಬರವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಚಿಮಣಿಯ ಶೋಧಕದಲ್ಲಿ ಸಿಗುವ ನಯವಾದ ಬೂದಿಯಲ್ಲಿ ಸೀಸ, ಕ್ಯಾಡ್ಮಿಯಂ ಸೇರಿರುತ್ತವೆ; ಅದು ಹೊಲಕ್ಕಾಗಲೀ ತಿಪ್ಪೆಗಾಗಲೀ ಬರಕೂಡದು. ಪ್ಲಾಸ್ಟಿಕ್ ಅರೆಬರೆ ಉರಿದಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷ ಮೇವಿನ ಮೇಲೆ ಕೂತು, ದನದ ಹೊಟ್ಟೆ ಸೇರಿ, ಕೊನೆಗೆ ಹಾಲಿನ ಕೊಬ್ಬಿನಲ್ಲಿ ಉಳಿಯುತ್ತದೆ. ಕುಲುಮೆ ಸದಾ ತಕ್ಕಷ್ಟು ಕಾದಿದ್ದು, ಹೊಗೆ ಸರಿಯಾಗಿ ಶೋಧಿಸಲ್ಪಟ್ಟರೆ ಇದು ಬಹಳ ಕಡಿಮೆಯಾಗುವುದೂ ನಿಜ. ಆದುದರಿಂದ ಹಸಿ ಕಸ ಬಂದ ದಿನ ಕುಲುಮೆಯ ಶಾಖವನ್ನು ಹೇಗೆ ಕಾಯುತ್ತೀರಿ, ಬೂದಿಯನ್ನು ಎಲ್ಲಿ ಹೂಳುತ್ತೀರಿ, ನೀರನ್ನು ಯಾವ ಕೊಳವೆಬಾವಿಯಿಂದ ಎತ್ತುತ್ತೀರಿ ಎಂದು ಕೇಳಿ. ಈ ಮೂರಕ್ಕೆ ಉತ್ತರ ಬರೆದು ಕೊಡಲಾರದವರೊಡನೆ ಮಾತು ಮುಂದುವರಿಸುವುದು ವ್ಯರ್ಥ.

ಹಸಿ ಕಸವು ಮಣ್ಣಿಗೆ ಸೇರಬೇಕಾದ ವಸ್ತು ಎಂಬುದೇ ನನ್ನ ಅಭಿಪ್ರಾಯ. ಪಟ್ಟಣದ ಕಸದಿಂದ ಗೊಬ್ಬರ ಮಾಡಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಗಾಜಿನ ಚೂರು, ಬ್ಲೇಡು ಬೆರೆತ ಗೊಬ್ಬರ ಕಂಡು ರೈತರು ಹಿಂಜರಿದರೆ ತಪ್ಪು ರೈತರದಲ್ಲ. ರಸಗೊಬ್ಬರ ನಿಯಂತ್ರಣ ಆದೇಶವು ಪಟ್ಟಣ ಕಾಂಪೋಸ್ಟಿನಲ್ಲಿ ಸೀಸ ಕಿಲೋಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದೆಂದು ಮಿತಿ ಇಟ್ಟಿದೆ. ಕೊಳ್ಳುವಾಗ ಪರೀಕ್ಷಾ ವರದಿ ಕೇಳಿ ಪಡೆಯಿರಿ.

ಊರಿನಲ್ಲಿ ಅಳತೆಗಾರರು ಕಾಣಿಸಿಕೊಂಡ ವಾರವೇ ಮಾಡಬೇಕಾದ ಕೆಲಸವೊಂದಿದೆ. ಎಕರೆಗೆ 8-10 ಕಡೆ ಮೇಲಿನ 15 ಸೆಂಟಿಮೀಟರ್ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಉಳಿಸಿ. ಬಾವಿಯ ನೀರನ್ನು, ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ, ಶುಚಿಯಾದ ಬಾಟಲಿಯಲ್ಲಿ ಹಿಡಿಯಿರಿ. ಭಾರಲೋಹಗಳ ಪರೀಕ್ಷೆಯೂ ಬೇಕೆಂದು ಪ್ರಯೋಗಾಲಯಕ್ಕೆ ಬರೆದುಕೊಡಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ ನೋಡುವುದಿಲ್ಲ. ಮುಂದೆ ನೀರು ಕೆಟ್ಟರೆ, ಮೊದಲು ಹೇಗಿತ್ತೆಂಬುದಕ್ಕೆ ತಮ್ಮ ಕೈಯಲ್ಲಿ ಬೇರೆ ಪುರಾವೆ ಇರುವುದಿಲ್ಲ.

ಇನ್ನು ಸಭೆಯ ಮಾತು. ಪಂಚಾಯತಿ ಕಾರ್ಯದರ್ಶಿಯವರನ್ನು ಮೊದಲು ಕೇಳಬೇಕಾದುದು, ಈ ಯೋಜನೆ 2006ರ ಪರಿಸರ ಪರಿಣಾಮ ಅಧಿಸೂಚನೆಗೆ ಒಳಪಡುತ್ತದೆಯೇ ಎಂಬುದು. ಸಣ್ಣ ವಿದ್ಯುತ್ ಸ್ಥಾವರಗಳಿಗೆ ಅದರಲ್ಲಿ ವಿನಾಯಿತಿಗಳಿವೆ. ವಿನಾಯಿತಿ ಪಡೆದಿದ್ದರೆ ಗ್ರಾಮಸಭೆಯೇ ತಮಗೆ ಉಳಿದ ಜಾಗ. ಒಳಪಟ್ಟು ಸಾರ್ವಜನಿಕ ಅಹವಾಲು ನಡೆಯುವುದಾದರೆ ಕನಿಷ್ಠ 30 ದಿನ ಮುಂಚೆ ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಕನ್ನಡ ಸಾರಾಂಶ ಓದಲು ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಅಹವಾಲಿಗೆ ಇಂತಿಷ್ಟು ಜನ ಸೇರಬೇಕೆಂಬ ಕೋರಂ ಇಲ್ಲ. ತಾವು ಬಹಿಷ್ಕರಿಸಿ ಮನೆಯಲ್ಲಿ ಕೂತರೂ ಸಭೆ ನಡೆದಂತೆಯೇ ಲೆಕ್ಕ. ಹೋಗಿ, ಬರೆದು ತಂದ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯಲ್ಲಿ ನಡವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ; ಸಹಿ ಬೀಳುವ ಮುಂಚೆ ತಮ್ಮ ಮಾತು ಅದರಲ್ಲಿ ಬಂದಿದೆಯೇ ಎಂದು ಕೇಳಿಸಿಕೊಂಡೇ ಅಲ್ಲಿಂದ ಏಳಿ.